ಕಡಲಹುಲ್ಲಿನ ನೆಲೆಗಳಲ್ಲಿ ಪೋಷಕಾಂಶಗಳ ಆವರ್ತನ: ಲಕ್ಷದ್ವೀಪವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಉತ್ತರ ಕರ್ನಾಟಕದ ಒಣಬೇಸಾಯದ ಹಳ್ಳಿಗಳಲ್ಲಿ ಬೆಳೆದವರಿಗೆ ಹೊಲದಲ್ಲಿ ಕುರಿ ತರುಬಿಸುವ ಪದ್ಧತಿ ಹೊಸದಲ್ಲ. ಹಗಲೆಲ್ಲ ಗಾಯರಾಣದಲ್ಲಿ, ಹಳ್ಳದ ದಂಡೆಯಲ್ಲಿ, ಬೀಳುಭೂಮಿಯಲ್ಲಿ ಮೇದ ಹಿಂಡು ರಾತ್ರಿ ಒಬ್ಬ ರೈತನ ಹೊಲದಲ್ಲಿ ತಂಗುತ್ತದೆ. ಬೆಳಗಾಗುವಷ್ಟರಲ್ಲಿ ಹಿಕ್ಕೆ ಮೂತ್ರಗಳು ಬಿದ್ದು ಆ ನೆಲ ಹದಗೊಂಡಿರುತ್ತದೆ. ಅದಕ್ಕೆ ಪ್ರತಿಯಾಗಿ ಕುರುಬನಿಗೆ ಜೋಳವೋ ಸಜ್ಜೆಯೋ ಸಲ್ಲುತ್ತದೆ. ಪುಣೆ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಲ್ಲಿ ಧನಗರರು ಇದೇ ಪದ್ಧತಿಯನ್ನು ಅನುಸರಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ಸಹ್ಯಾದ್ರಿಯ ಘಾಟುಗಳನ್ನಿಳಿದು ಕೊಂಕಣದ ಗದ್ದೆಗಳವರೆಗೂ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಈ ವ್ಯವಹಾರದ ತಿರುಳು ಇಷ್ಟೇ: ಪ್ರಾಣಿ ಒಂದು ಕಡೆ ಮೇಯುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಮೇದ ನೆಲದ ಸಾರ ಬಿಟ್ಟ ನೆಲಕ್ಕೆ ವರ್ಗವಾಗುತ್ತದೆ. ಎಷ್ಟು ರಾತ್ರಿ, ಎಷ್ಟು ತಲೆ, ಯಾವ ಹೊಲ ಎಂಬುದನ್ನು ಮನುಷ್ಯ ನಿರ್ಧರಿಸುತ್ತಾನೆ.

ಕಡಲ ತಳದಲ್ಲಿಯೂ ಹುಲ್ಲುಗಾವಲುಗಳಿವೆ, ಅಲ್ಲಿಯೂ ಹಿಂಡುಗಳು ಮೇಯುತ್ತವೆ. ಆದರೆ ಅಲ್ಲಿ ತರುಬುವವರು ಯಾರೂ ಇಲ್ಲ. ಆ ಹುಲ್ಲುಗಾವಲುಗಳಲ್ಲಿ ಪ್ರಾಣಿಗಳು ಪೋಷಕಾಂಶಗಳನ್ನು ಹೇಗೆ ತೆಗೆದುಕೊಂಡು ಹೇಗೆ ಹಿಂದಿರುಗಿಸುತ್ತವೆ, ಆ ಕೊಡುಕೊಳುವಿಕೆಯ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ವಿಭಾಗವೊಂದರ ಸಂಪುಟದಲ್ಲಿ ಇಂಥ ವಿಷಯಕ್ಕೆ ಎಡೆಯೇನು ಎಂದು ಕೆಲವರು ಕೇಳಬಹುದು. ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬರೆಯುವುದು ನಮ್ಮಲ್ಲಿ ಇತ್ತೀಚಿನ ಹವ್ಯಾಸವಲ್ಲ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವಿದೆ. ಕೀರ್ತಿವರ್ಮನ 'ಗೋವೈದ್ಯ' ಹೆಸರೇ ಹೇಳುವಂತೆ ಪಶುಚಿಕಿತ್ಸೆಯ ಗ್ರಂಥ. ನಮ್ಮ ಕಾಲಕ್ಕೆ ಬಂದರೆ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ' ಇದೆ, ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೇ ಪಡೆಯಿತು. ಇಷ್ಟಾದರೂ ಕಡಲ ತಳದ ಸಸ್ಯಗಳ ಬಗೆಗೆ ನಮ್ಮ ಭಾಷೆಯಲ್ಲಿ ಬಂದಿರುವ ಬರವಣಿಗೆ ಅತ್ಯಲ್ಪ. ಹೆಸರಿನಲ್ಲಿಯೇ ಗೊಂದಲವಿದೆ. ತರಗತಿಯಲ್ಲಿ 'ಕಡಲಹುಲ್ಲು' ಎಂಬ ಮಾತನ್ನು ನಾನು ಬಳಸಿದಾಗ ಒಬ್ಬ ವಿದ್ಯಾರ್ಥಿನಿ, "ಪಾಚಿ ಅಂದ್ರ ಅದೇ ಅಲ್ರೀ ಸರ್?" ಎಂದು ಕೇಳಿದಳು. ಅಲ್ಲ. ಈ ಭೇದವನ್ನು ಸ್ಪಷ್ಟಪಡಿಸಿಕೊಳ್ಳದೆ ಮುಂದಿನ ವಿಚಾರ ತಿಳಿಯುವಂತಿಲ್ಲ.

ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ. ಕಡಲಹುಲ್ಲಿಗೆ ಬೇರು, ಮರಳಿನೊಳಗೆ ಹರಿಯುವ ಅಡಿಕಾಂಡ, ಎಲೆ, ಹೂವು, ಬೀಜ ಎಲ್ಲವೂ ಉಂಟು. ಅದು ನೆಲದ ಹೂಬಿಡುವ ಸಸ್ಯಗಳ ವಂಶಕ್ಕೆ ಸೇರಿದ್ದು. ಹತ್ತಾರು ಕೋಟಿ ವರ್ಷಗಳ ಹಿಂದೆ ಅದರ ಪೂರ್ವಜರು ನೆಲವನ್ನು ಬಿಟ್ಟು ಉಪ್ಪುನೀರಿಗೆ ಮರಳಿದವು. ನೀರಿನಲ್ಲಿಯೇ ಪರಾಗ ತೇಲಿ ಇನ್ನೊಂದು ಹೂವನ್ನು ಸೇರುತ್ತದೆ. ಜಗತ್ತಿನಲ್ಲಿ ಇಂಥ ಸಸ್ಯಗಳ ಪ್ರಭೇದಗಳು ಸುಮಾರು 70 ಮಾತ್ರ. ಭಾರತದ ತೀರಗಳಲ್ಲಿ ಹದಿನೈದರ ಆಸುಪಾಸು ಕಂಡುಬಂದಿವೆ. ವಿಸ್ತಾರವಾದ ಹುಲ್ಲುಗಾವಲುಗಳಿರುವುದು ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಖಾರಿ, ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲಿ. ಮಹಾರಾಷ್ಟ್ರ, ಕರ್ನಾಟಕಗಳ ಕರಾವಳಿಯಲ್ಲಿ ಮಳೆಗಾಲದ ಹೊಳೆಗಳು ತರುವ ಕೆಸರಿನಿಂದ ನೀರು ಕದಡಿರುತ್ತದೆ. ಬೆಳಕು ತಳಕ್ಕೆ ಇಳಿಯುವುದಿಲ್ಲ. ಅಳಿವೆಗಳ ಕೆಸರುದಂಡೆಯಲ್ಲಿ ಹ್ಯಾಲೊಫಿಲ ಬೆಕಾರಿಯೆಂಬ ಬೆರಳುದ್ದದ ಪುಟ್ಟ ಜಾತಿ ಅಲ್ಲಲ್ಲಿ ಸಿಕ್ಕುವುದುಂಟಾದರೂ ಅದನ್ನು ಹುಲ್ಲುಗಾವಲು ಎನ್ನಲು ನಾಲಗೆ ಏಳದು.

ಇನ್ನು ಪೋಷಕಾಂಶಗಳ ವಿಚಾರ. ಹವಳದ ದ್ವೀಪಗಳ ಒಳಗಡೆ, ದಿಬ್ಬದ ಆವರಣದಲ್ಲಿ ನಿಂತಿರುವ ಆಳವಿಲ್ಲದ ನೀರಿಗೆ ಲಗೂನು ಎನ್ನುತ್ತಾರೆ. ಈ ನೀರು ಕಣ್ಣಿಗೆ ಎಷ್ಟು ತಿಳಿಯೋ ಸಾರದಲ್ಲಿ ಅಷ್ಟೇ ಬಡವು. ನೀರು ತಿಳಿಯಾಗಿರುವುದೇ ಅದರಲ್ಲಿ ಪೋಷಕಾಂಶಗಳು ಕಡಿಮೆಯಿರುವುದರಿಂದ. ಹೆಚ್ಚಿದ್ದರೆ ಸೂಕ್ಷ್ಮಸಸ್ಯಗಳು ಬೆಳೆದು ನೀರು ಹಸಿರುಗಟ್ಟುತ್ತಿತ್ತು. ತಳದ ಮರಳು ಹವಳದ ಪುಡಿ, ಎಂದರೆ ಸುಣ್ಣ. ಸುಣ್ಣವು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರುಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸಾರಜನಕವೂ ವಿರಳ. ಇಂಥ ಬಡನೆಲದಲ್ಲಿ ಹುಲ್ಲು ಸೊಂಪಾಗಿ ಬೆಳೆಯುತ್ತದೆಂದರೆ ಒಂದೇ ಸಾರ ಮತ್ತೆಮತ್ತೆ ಕೈಬದಲಾಗುತ್ತಿದೆ ಎಂದೇ ಅರ್ಥ. ಎಲೆ ಉದುರಿ ಕೊಳೆತು ಬೇರಿಗೆ ಮರಳುವುದು ಈ ಆವರ್ತನದ ಒಂದು ದಾರಿ. ಬಹುಕಾಲ ವಿದ್ವಾಂಸರು ಇದೊಂದನ್ನೇ ಮುಖ್ಯವೆಂದು ಭಾವಿಸಿದ್ದರು. ಪ್ರಾಣಿಗಳು ಈ ಲೆಕ್ಕದಲ್ಲಿ ಕೇವಲ ಖರ್ಚಿನ ಬಾಬ್ತಾಗಿದ್ದವು. ಕಳೆದ ನಾಲ್ಕೈದು ದಶಕಗಳ ಅಧ್ಯಯನಗಳು ಈ ಅಭಿಪ್ರಾಯವನ್ನು ತಿದ್ದಿವೆ.

ಮೊದಲು ಕಿರಿಯ ಜೀವಿಗಳನ್ನು ನೋಡೋಣ. ಇಂಡೋನೇಷ್ಯದ ಸುಲವೇಸಿಯ ಬಳಿಯ ಹುಲ್ಲುಗಾವಲುಗಳಲ್ಲಿ ಒಂದು ಜಾತಿಯ ಸಿಗಡಿ ಮರಳಿನಲ್ಲಿ ಬಿಲ ತೋಡಿ, ಉದುರಿದ ಎಲೆಗಳನ್ನು ಕತ್ತರಿಸಿ ಒಳಗೆ ಎಳೆದುಕೊಳ್ಳುತ್ತದೆ. ಅಲೆಗಳ ಪಾಲಾಗಿ ಹೊರಗಡಲಿಗೆ ತೇಲಿಹೋಗಬೇಕಾಗಿದ್ದ ಸಾರ ಹೀಗೆ ಬೇರಿನ ಮಗ್ಗುಲಿನಲ್ಲಿಯೇ ಉಳಿಯುತ್ತದೆ. ಬಿಲದೊಳಗೆ ಎಲೆ ಕೊಳೆತು ಬಿಡುಗಡೆಯಾಗುವ ಸಾರಜನಕ ಹುಲ್ಲಿಗೇ ಸಿಕ್ಕುತ್ತದೆ. ಎಲೆಗಳ ಮೇಲೆ ಅಂಟಿಕೊಂಡು ಬೆಳೆಯುವ ಪಾಚಿಯನ್ನು ಚಿಕ್ಕ ಬಸವನಹುಳುಗಳೂ ಸಿಗಡಿಯ ಬಂಧುಗಳಾದ ಕಿರುಜೀವಿಗಳೂ ಕೆರೆದು ತಿನ್ನುತ್ತವೆ. ಅವು ಇಲ್ಲದಿದ್ದರೆ ಪಾಚಿಯ ಮುಸುಕಿನಡಿ ಎಲೆಗೆ ಬೆಳಕೇ ಸಿಕ್ಕದು.

ಇವುಗಳಿಗಿಂತ ವಿಚಿತ್ರವಾದದ್ದು ಒಂದು ಬಗೆಯ ಚಿಪ್ಪುಜೀವಿಯ ಸಂಬಂಧ. ಹುಲ್ಲಿನ ಬೇರಿನಡಿ ಗಾಳಿಯಾಡದ ಕೆಸರಿನಲ್ಲಿ ಎಲೆಕಸ ಕೊಳೆಯುವಾಗ ಸಲ್ಫೈಡ್ ಎಂಬ ಗಂಧಕದ ವಿಷ ಹುಟ್ಟುತ್ತದೆ. ಅದು ಹೆಚ್ಚಿದರೆ ಹುಲ್ಲೇ ಸಾಯುತ್ತದೆ. ಲೂಸಿನಿಡ್ ಎಂಬ ಕುಲದ ಚಿಪ್ಪುಜೀವಿಗಳು ತಮ್ಮ ಕಿವಿರುಗಳಲ್ಲಿ ಸಾಕಿಕೊಂಡಿರುವ ಬ್ಯಾಕ್ಟೀರಿಯಗಳು ಈ ಸಲ್ಫೈಡನ್ನೇ ಆಹಾರ ಮಾಡಿಕೊಳ್ಳುತ್ತವೆ. ಹುಲ್ಲಿನ ಬೇರು ಒಸರುವ ಆಮ್ಲಜನಕ ಚಿಪ್ಪುಜೀವಿಗೆ ಬೇಕು. ಚಿಪ್ಪುಜೀವಿ ನೆಲವನ್ನು ನಿರ್ವಿಷ ಮಾಡುವುದು ಹುಲ್ಲಿಗೆ ಬೇಕು. ಈ ಮೂವರ ಒಪ್ಪಂದವೇ ಕಡಲಹುಲ್ಲಿನ ನೆಲೆಗಳ ತಳಹದಿಯೆಂದು ನೆದರ್ಲೆಂಡ್ಸಿನ ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು.

ಕಡಲಸೌತೆಯ ವಿಷಯ ನಮಗೆ ಹೆಚ್ಚು ಹತ್ತಿರದ್ದು. ಸೌತೆಕಾಯಿಯ ಆಕಾರದ ಈ ಮಂದ ಪ್ರಾಣಿ ಹಗಲಿರುಳು ಮರಳು ನುಂಗುತ್ತದೆ. ಅದರಲ್ಲಿನ ಕೊಳೆತ ಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಜೀರ್ಣಿಸಿಕೊಂಡು ಮರಳನ್ನು ಹುರಿಹುರಿಯಾಗಿ ಹೊರಬಿಡುತ್ತದೆ. ಸಾರಜನಕವನ್ನು ಅಮೋನಿಯದ ರೂಪದಲ್ಲಿ ನೀರಿಗೆ ವಿಸರ್ಜಿಸುತ್ತದೆ. ಎರೆಹುಳು ಹೊಲದಲ್ಲಿ ಮಾಡುವ ಕೆಲಸವೇ ಇದು. ಆಸ್ಟ್ರೇಲಿಯದ ಮೋರ್ಟನ್ ಕೊಲ್ಲಿಯಲ್ಲಿ ಹುಲ್ಲುಗಾವಲಿನ ಕೆಲವು ತುಂಡುಗಳಿಂದ ಕಡಲಸೌತೆಗಳನ್ನು ದೂರವಿಟ್ಟು ನೋಡಿದಾಗ ಹುಲ್ಲಿನ ಬೆಳವಣಿಗೆ ಕುಗ್ಗಿತು. ಪೂರ್ವ ಏಷ್ಯದ ಪೇಟೆಗಳಲ್ಲಿ ಒಣಗಿಸಿದ ಕಡಲಸೌತೆಗೆ ಅಪಾರ ಬೆಲೆಯಿರುವುದರಿಂದ ಕಳ್ಳಬೇಟೆ ನಿಂತಿಲ್ಲ. ಭಾರತ ಸರ್ಕಾರ 2001ರಲ್ಲಿ ಇದರ ಎಲ್ಲ ಪ್ರಭೇದಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿ ದಿಬ್ಬದ 239 ಚದರ ಕಿಲೋಮೀಟರ್ ಪ್ರದೇಶವನ್ನು ಕಡಲಸೌತೆಗಾಗಿಯೇ ಮೀಸಲಿಡಲಾಯಿತು. ಜಗತ್ತಿನಲ್ಲಿ ಇಂಥದು ಇದೇ ಮೊದಲು. ಹುಲಿಗೆ, ಆನೆಗೆ ಮೀಸಲು ಪ್ರದೇಶಗಳನ್ನು ಕಂಡಿರುವ ನಮಗೆ ಇದು ನಗೆ ತರಿಸಬಹುದು. ಆದರೆ ಎರೆಹುಳುವಿಗೆ ಮೀಸಲು ಪ್ರದೇಶ ಮಾಡಿದ ಈ ಬುದ್ಧಿಯನ್ನು ನಾನು ಮೆಚ್ಚುತ್ತೇನೆ.

ಮೀನುಗಳ ಪಾತ್ರ ಇನ್ನೂ ದೊಡ್ಡದು. ಮೀನು ತನ್ನ ಸಾರಜನಕದ ಕಸವನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕ ಅಮೋನಿಯವಾಗಿ ಬಿಡುತ್ತದೆ. ಕೊಳೆಯುವ ತನಕ ಕಾಯಬೇಕಾಗಿಲ್ಲ. ಸಸ್ಯ ಅದನ್ನು ಒಡನೆಯೇ ಹೀರಬಲ್ಲದು. ರಂಜಕ ಮಾತ್ರ ಹೆಚ್ಚಾಗಿ ಮಲದಲ್ಲಿ ಹೋಗುತ್ತದೆ. 1983ರಲ್ಲಿ ಜೂಡಿ ಮೆಯರ್ ಮತ್ತು ಸಂಗಡಿಗರು ಕೆರಿಬಿಯನ್ನಿನ ಸೇಂಟ್ ಕ್ರೋಯಿ ದ್ವೀಪದಲ್ಲಿ ಮಾಡಿದ ಅಧ್ಯಯನ ಈ ಕ್ಷೇತ್ರದಲ್ಲಿ ಮೈಲಿಗಲ್ಲೆನಿಸಿದೆ. ಅಲ್ಲಿಯ ಗ್ರಂಟ್ ಎಂಬ ಮೀನುಗಳು ರಾತ್ರಿ ಹುಲ್ಲುಗಾವಲಿನಲ್ಲಿ ಹರಡಿ ಹುಳುಹುಪ್ಪಟೆಗಳನ್ನು ತಿನ್ನುತ್ತವೆ. ಹಗಲು ಹಿಂಡುಗೂಡಿ ಹವಳದ ತಲೆಗಳ ಮೇಲೆ ವಿಶ್ರಮಿಸುತ್ತವೆ. ಅವುಗಳ ವಿಸರ್ಜನೆಯಿಂದ, ಹಿಂಡು ತಂಗಿದ ಹವಳಗಳು ಹಿಂಡಿಲ್ಲದ ಹವಳಗಳಿಗಿಂತ ವೇಗವಾಗಿ ಬೆಳೆದವು. ಲೇಖನದ ಆರಂಭದಲ್ಲಿ ಹೇಳಿದ ತರುಬುವಿಕೆಯೇ ಇದು, ಹಗಲಿರುಳುಗಳನ್ನು ಅದಲುಬದಲು ಮಾಡಿದರೆ ಆಯಿತು. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹವಳಕ್ಕೆ ಬಂದದ್ದು ಹುಲ್ಲಿನಿಂದ ಹೋದದ್ದು. ಆವರ್ತನ ಎಂಬ ಮಾತನ್ನು ನಾವು ಬಳಸುವಾಗ ಹೋದದ್ದೆಲ್ಲ ಹೋದ ಕಡೆಗೇ ಮರಳುತ್ತದೆ ಎಂಬ ಧ್ವನಿಯಿರುತ್ತದೆ. ನಿಜದಲ್ಲಿ ಪ್ರಾಣಿ ಎಲ್ಲಿ ಮಲಗುತ್ತದೆ ಎಂಬುದು ಅದು ಎಲ್ಲಿ ಉಣ್ಣುತ್ತದೆ ಎಂಬುದರಷ್ಟೇ ಮುಖ್ಯ.

ಇದೇ ತತ್ತ್ವವನ್ನು ತಿರುಗಿಸಿ ಬಹಾಮಾ ದ್ವೀಪಗಳಲ್ಲಿ ಕ್ರೇಗ್ ಲೇಮನ್, ಜೇಕಬ್ ಆಲ್‌ಗೈಯರ್ ಮೊದಲಾದವರು ಹುಲ್ಲಿನ ನಡುವೆ ಕಾಂಕ್ರೀಟಿನ ಇಟ್ಟಿಗೆಗಳ ಗುಡ್ಡೆಗಳನ್ನಿಟ್ಟರು. ಮೀನುಗಳು ಅವುಗಳಲ್ಲಿ ಆಶ್ರಯ ಪಡೆದವು. ಗುಡ್ಡೆಯ ಸುತ್ತಣ ಹುಲ್ಲು ಉಳಿದ ಕಡೆಗಿಂತ ಸೊಂಪಾಯಿತು. ಫ್ಲಾರಿಡಾ ಕೊಲ್ಲಿಯಲ್ಲಿ 1980ರ ದಶಕದಲ್ಲಿ ಹುಲ್ಲಿನ ನಡುವೆ ಗೂಟಗಳನ್ನು ನೆಡಲಾಗಿತ್ತು. ಕಡಲಹಕ್ಕಿಗಳು ಅವುಗಳ ಮೇಲೆ ಕುಳಿತು ಹಿಕ್ಕೆ ಹಾಕಿದವು. ಮೊದಲಿಗೆ ಹುಲ್ಲು ಹುಲುಸಾಯಿತು. ಕ್ರಮೇಣ ಅಲ್ಲಿ ಮೊದಲಿದ್ದ ಅಗಲ ಎಲೆಯ ನಿಧಾನಜಾತಿ ಹಿಮ್ಮೆಟ್ಟಿ ಕಿರಿದೆಲೆಯ ತ್ವರಿತಜಾತಿ ಆ ಜಾಗವನ್ನು ಆಕ್ರಮಿಸಿತು. ಗೂಟಗಳನ್ನು ತೆಗೆದು ಎರಡು ದಶಕ ಕಳೆದರೂ ಹಳೆಯ ಹುಲ್ಲು ಪೂರ್ತಿ ಮರಳಿರಲಿಲ್ಲ. ಗೊಬ್ಬರವು ಬೆಳೆಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಯಾವ ಬೆಳೆ ಎಂಬುದನ್ನೂ ಬದಲಿಸಬಲ್ಲದು.

ಅತಿಯಾದ ಸಾರದ ಕೇಡನ್ನು ತಿಳಿಯಲು ಪುಣೆಯವರು ದೂರ ಹೋಗಬೇಕಾಗಿಲ್ಲ. ಈ ನಗರದ ಕೊಳಚೆ ಮುಳಾ-ಮುಠಾ ನದಿಗಳ ಮೂಲಕ ಭೀಮೆಯನ್ನು ಸೇರಿ ಉಜನಿ ಜಲಾಶಯವನ್ನು ಹಸಿರುಗಟ್ಟಿಸುತ್ತದೆ. ಅದೇ ಭೀಮೆ ಪಂಢರಪುರವನ್ನು ದಾಟಿ, ಗಾಣಗಾಪುರವನ್ನು ಹಾದು, ರಾಯಚೂರಿನ ಸಮೀಪ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನಾವು ಉಂಡ ಅನ್ನದ ಸಾರಜನಕ ಕೊನೆಗೆ ಕಡಲಿಗೆ ಹೋಗುತ್ತದೆ, ಹೊಲಕ್ಕೆ ಮರಳುವುದಿಲ್ಲ. ಜಗತ್ತಿನ ಹಲವು ತೀರಗಳಲ್ಲಿ ಕಡಲಹುಲ್ಲು ನಾಶವಾದದ್ದು ಇಂಥ ಕೊಳಚೆಯಿಂದಲೇ. ನೀರು ಹಸಿರುಗಟ್ಟಿತು, ಎಲೆಯ ಮೇಲೆ ಪಾಚಿ ಮುಸುಕಿತು, ಬೆಳಕು ಸಿಕ್ಕದೆ ಹುಲ್ಲು ಸತ್ತಿತು. ಪ್ರಾಣಿಯ ವಿಸರ್ಜನೆಗೂ ನಗರದ ವಿಸರ್ಜನೆಗೂ ರಾಸಾಯನಿಕವಾಗಿ ಭೇದವಿಲ್ಲ. ಪ್ರಾಣಿ ಅಲ್ಲಿಯ ಸಾರವನ್ನೇ ಅಲ್ಲಿ ಸುತ್ತಿಸುತ್ತದೆ, ನಗರ ಎಲ್ಲಿಯದನ್ನೋ ತಂದು ಸುರಿಯುತ್ತದೆ. ವ್ಯತ್ಯಾಸವಿರುವುದು ಅಲ್ಲಿ.

ಈಗ ದೊಡ್ಡ ಮೇಯುವ ಪ್ರಾಣಿಗಳಿಗೆ ಬರೋಣ. ಇವು ಎರಡು: ಕಡಲಹಸು ಮತ್ತು ಹಸಿರು ಆಮೆ. ಆನೆಯ ದೂರದ ಬಂಧುವಾದ ಕಡಲಹಸು ದಿನಕ್ಕೆ 30-40 ಕಿಲೋಗ್ರಾಮಿನಷ್ಟು ಹಸಿಹುಲ್ಲನ್ನು ಬೇರುಸಹಿತ ಕಿತ್ತು ತಿನ್ನುತ್ತದೆ. ಅದು ಮೇದು ಹೋದ ಹಾದಿ ತಳದಲ್ಲಿ ನೇಗಿಲಗೆರೆಯಂತೆ ಕಾಣುತ್ತದೆ. ಉತ್ತ ನೆಲದಲ್ಲಿ ಎಳೆಯ, ಸಾರವುಳ್ಳ ಜಾತಿಗಳು ಮೊದಲು ಚಿಗುರುತ್ತವೆ. ಇದನ್ನು 'ಬೇಸಾಯದ ಮೇವು' ಎಂದು ಕರೆದವರುಂಟು. ಕಡಲಹಸು ಮತ್ತು ಆಮೆಗಳ ಸಗಣಿಯಲ್ಲಿ ಮೊಳೆಯಬಲ್ಲ ಬೀಜಗಳಿರುವುದು ಆಸ್ಟ್ರೇಲಿಯದ ಪೂರ್ವ ತೀರದಲ್ಲಿ ಕಂಡುಬಂದಿದೆ. ಎಂದರೆ ಅವು ಗೊಬ್ಬರದ ಜೊತೆಗೆ ಬಿತ್ತನೆಯನ್ನೂ ಮಾಡುತ್ತವೆ. ನಮ್ಮ ದೇಶದಲ್ಲಿ ಈ ಪ್ರಾಣಿ ಬಹಳ ವಿರಳವಾಗಿದೆ. 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಪ್ರದೇಶವನ್ನು ಅದಕ್ಕಾಗಿ ಮೀಸಲಿರಿಸಲಾಯಿತು.

ಹಸಿರು ಆಮೆಗೆ ಆ ಹೆಸರು ಬಂದದ್ದು ಚಿಪ್ಪಿನ ಬಣ್ಣದಿಂದಲ್ಲ, ಒಳಗಿನ ಕೊಬ್ಬಿನ ಬಣ್ಣದಿಂದ. ಮರಿಯಾಗಿದ್ದಾಗ ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಪ್ರಾಣಿ ಬೆಳೆದಂತೆ ಬಹುಪಾಲು ಸಸ್ಯಾಹಾರಿಯಾಗುತ್ತದೆ. ಒಂದೇ ಜಾಗಕ್ಕೆ ಮತ್ತೆಮತ್ತೆ ಬಂದು ಎಲೆಯ ತುದಿಗಳನ್ನು ಕತ್ತರಿಸುತ್ತದೆ. ಹೊಸದಾಗಿ ಚಿಗುರಿದ ಎಲೆಯಲ್ಲಿ ಸಾರಜನಕ ಹೆಚ್ಚು, ನಾರು ಕಡಿಮೆ ಎಂಬುದನ್ನು ಅಮೆರಿಕದ ಕರೆನ್ ಬ್ಯೋರ್ನ್‌ಡಾಲ್ 1980ರಲ್ಲಿ ವಿವರಿಸಿದರು. ಮುದಿ ಎಲೆ ಉದುರಿ ಕೊಳೆತು ಸಾರ ಬಿಡಲು ವಾರಗಳು, ತಿಂಗಳುಗಳು ಬೇಕು. ಆಮೆಯ ಕರುಳಿನಲ್ಲಿ ಆ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಕೊಳೆಯುವಿಕೆಯ ಸುತ್ತುದಾರಿಯನ್ನು ಬಿಟ್ಟು ಒಳದಾರಿ ಹಿಡಿದಂತೆ. ಹುಲ್ಲಿನ ಎಲೆ ಗಿಡ್ಡವಿದ್ದಲ್ಲಿ ಕಸ ಕಡಿಮೆ ಸೇರುತ್ತದೆ, ಬೇರಿನಡಿಯ ಸಲ್ಫೈಡೂ ಕಡಿಮೆಯಾಗುತ್ತದೆ. ಮಿತವಾದ ಮೇವು ಹುಲ್ಲಿಗೆ ಹಿತ. ಮಂದರವನ್ನು ಹೊರಲು ಪುರಾಣಕಾರ ಕಡಲ ತಳಕ್ಕೆ ಇಳಿಸಿದ್ದು ಆಮೆಯನ್ನೇ. ಅವನಿಗೆ ಸಾರಜನಕದ ವಿಚಾರ ತಿಳಿದಿರಲಿಲ್ಲವಾದರೂ ಕಡೆಯುವ ಕೆಲಸಕ್ಕೆ ತಕ್ಕ ಪ್ರಾಣಿಯನ್ನೇ ಆರಿಸಿಕೊಂಡ.

ಮಿತ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಲಕ್ಷದ್ವೀಪವೇ ನಿದರ್ಶನ. ಈ ದ್ವೀಪಗಳಿಗೂ ಕನ್ನಡ ನಾಡಿಗೂ ಇದ್ದ ಸಂಬಂಧವನ್ನು ಇಂದಿನ ಓದುಗರು ಮರೆತಿರುವುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳಿಗೆ ಅಮೀನ್‌ದೀವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಈ ದ್ವೀಪವಾಸಿಗಳು ಟಿಪ್ಪೂ ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಅವು ಮೈಸೂರಿನ ವಶಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವುಗಳನ್ನು ಮಂಗಳೂರಿನಿಂದ ಆಳಿತು. ಓಡಂ ಎಂಬ ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ದ್ವೀಪಗಳಿಗೆ ಹೋಗುತ್ತಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ದಕ್ಷಿಣ ಕನ್ನಡ ಜಿಲ್ಲೆಯನ್ನು ಮೈಸೂರಿಗೆ ಸೇರಿಸುವಾಗ ಹೊರಗಿಟ್ಟದ್ದು ಎರಡನ್ನು: ಕಾಸರಗೋಡು ತಾಲೂಕು ಮತ್ತು ಅಮೀನ್‌ದೀವಿ ದ್ವೀಪಗಳು. ಮೊದಲನೆಯದರ ವಿಷಯದಲ್ಲಿ ನಾವು ಸಾಕಷ್ಟು ಬರೆದಿದ್ದೇವೆ, ಹಾಡಿದ್ದೇವೆ, ಹೋರಾಡಿದ್ದೇವೆ. ಅದೇ ವಾಕ್ಯದ ಎರಡನೆಯ ಹೆಸರು ನಮ್ಮ ನೆನಪಿನಿಂದಲೇ ಜಾರಿತು. ದ್ವೀಪವಾಸಿಗಳ ಭಾಷೆ ಕನ್ನಡವಲ್ಲ, ಮಲೆಯಾಳದ ಒಂದು ಬಗೆ. ಆದ್ದರಿಂದ ಹೊರಗಿಟ್ಟದ್ದರಲ್ಲಿ ಅನ್ಯಾಯವಾಯಿತೆಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಬಂದರಿನ ಬದುಕಿನಲ್ಲಿ ಒಂದೂವರೆ ಶತಮಾನ ಪಾಲು ಪಡೆದವರ ಸುಖದುಃಖ ನಮಗೆ ಸಂಬಂಧಪಡದ್ದಲ್ಲ ಎಂದಷ್ಟೇ ನನ್ನ ಅಭಿಪ್ರಾಯ.

ಹಿಂದೆ ದ್ವೀಪವಾಸಿಗಳು ಆಮೆಯನ್ನು ಹಿಡಿಯುತ್ತಿದ್ದರು. ಅದರ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯ ಆಮೆಗಳಿಗೆ ದೊರೆತ ಮೇಲೆ ಈ ಬೇಟೆ ಕ್ರಮೇಣ ನಿಂತಿತು. ಆಮೆಗಳು ಹೆಚ್ಚಿದವು. ಅಗತ್ತಿ ದ್ವೀಪದ ಲಗೂನಿನಲ್ಲಂತೂ ಅವು ಬೇರೆಲ್ಲೂ ಅಪರೂಪವಾದ ದಟ್ಟಣೆಯಲ್ಲಿ ಒಟ್ಟುಗೂಡಿದವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್, ಅವರೊಡನೆ ನಚಿಕೇತ ಕೇಳ್ಕರ್, ಸ್ಪೇನಿನ ತೆರೇಸಾ ಅಲ್ಕೊವೆರೊ, ನೂರಿಯಾ ಮಾರ್ಬಾ ಮೊದಲಾದವರು ವರ್ಷಗಳ ಕಾಲ ಈ ಹುಲ್ಲುಗಾವಲುಗಳನ್ನು ಅಳೆದು, 2010ರಿಂದ ಈಚೆಗೆ ಹಲವು ಪ್ರಬಂಧಗಳನ್ನು ಪ್ರಕಟಿಸಿದರು. ಅವರು ಕಂಡದ್ದರ ಸಾರಾಂಶ ಹೀಗಿದೆ. ಆಮೆ ದಟ್ಟವಾದಲ್ಲಿ ಹುಲ್ಲಿನ ಉತ್ಪತ್ತಿಯ ಬಹುಭಾಗ ಆಮೆಗಳ ಹೊಟ್ಟೆಗೇ ಹೋಗುತ್ತಿತ್ತು. ಎಲೆ ಗಿಡ್ಡವಾಯಿತು, ವಿರಳವಾಯಿತು. ಮೊದಲು ಹೆಚ್ಚಾಗಿದ್ದ ಥಲಾಸಿಯ ಹೆಂಪ್ರಿಚಿ ಎಂಬ ಗಟ್ಟಿ, ನಿಧಾನಜಾತಿಯ ಬದಲಿಗೆ ಸೈಮೊಡೋಸಿಯ ರೊಟಂಡಾಟ ಎಂಬ ಬೇಗ ಚಿಗುರುವ ಜಾತಿ ಮುಂದೆ ಬಂತು. ಹುಲ್ಲಿನ ನೆರಳನ್ನು ನೆಚ್ಚಿದ ಮೀನುಗಳು ಕಡಿಮೆಯಾದವು. ಕೊನೆಗೆ ಹುಲ್ಲೇ ಕುಸಿಯಿತು. ಮೇವು ಮುಗಿದ ಮೇಲೆ ಆಮೆಗಳು ಮುಂದಿನ ದ್ವೀಪದತ್ತ ಸಾಗಿದವು. ಅಗತ್ತಿಯ ಬಳಿಕ ಇತರ ಲಗೂನುಗಳಲ್ಲಿ, ನಮ್ಮ ಹಳೆಯ ಜಿಲ್ಲೆಗೆ ಸೇರಿದ್ದ ಕಡಮತ್‌ನಲ್ಲಿಯೂ, ಇದೇ ಕ್ರಮ ಮರುಕಳಿಸಿತು. ಒಂದಾದ ಮೇಲೊಂದು ದ್ವೀಪದ ಹುಲ್ಲುಗಾವಲುಗಳು ಕೆಲಸಕ್ಕೆ ಬಾರದ ಸ್ಥಿತಿಗೆ ಇಳಿದುವೆಂದು ಮಯೂರೇಶ ಗಾಂಗಲ್ ಮತ್ತು ಸಂಗಡಿಗರು 2021ರಲ್ಲಿ ನಿರೂಪಿಸಿದರು. ಇಂಡೋನೇಷ್ಯದ ದೆರಾವಾನ್ ದ್ವೀಪದಲ್ಲಿಯೂ ಇಂಥದೇ ವರದಿಯಾಗಿದೆ. ಅಲ್ಲಿ ಆಮೆಗಳು ಎಲೆ ಸಾಲದಾದಾಗ ಮರಳನ್ನು ಕೆದಕಿ ಅಡಿಕಾಂಡವನ್ನೇ ತಿನ್ನತೊಡಗಿದವು.

ಇಲ್ಲಿ ನಮ್ಮ ಮೂಲ ಪ್ರಶ್ನೆಗೆ ಮರಳಬೇಕು. ಆಮೆ ತಿಂದದ್ದನ್ನು ಹಿಂದಿರುಗಿಸುವುದೇ ಆದರೆ ಹುಲ್ಲು ಏಕೆ ಸತ್ತಿತು? ಉತ್ತರ ಅಡಿಕಾಂಡದಲ್ಲಿದೆ. ಎಲೆಯೆಂಬುದು ಹುಲ್ಲಿನ ಆದಾಯ. ಮರಳಿನೊಳಗಣ ಅಡಿಕಾಂಡ ಅದರ ಮೂಲಧನ. ಮೇದಾಗಲೆಲ್ಲ ಹೊಸ ಎಲೆ ತೆಗೆಯಲು ಸಸ್ಯ ಅಡಿಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚುಮಾಡುತ್ತದೆ. ಆಮೆಯ ಸಗಣಿ ಸಾರಜನಕವನ್ನು ಮರಳಿಸೀತು, ರಂಜಕವನ್ನು ಮರಳಿಸೀತು; ಸೂರ್ಯನ ಬೆಳಕನ್ನು ಹಿಡಿದು ಕೂಡಿಟ್ಟ ಶಕ್ತಿಯನ್ನು ಮರಳಿಸಲಾರದು. ಅದನ್ನು ಎಲೆಯೇ ಗಳಿಸಬೇಕು, ಗಳಿಸಲು ಎಲೆಗೆ ಬಿಡುವು ಬೇಕು. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ನೀಳವಾದ ಎಲೆಗಳು ನೀರಿನ ವೇಗವನ್ನು ತಗ್ಗಿಸಿ ತೇಲುಕಣಗಳನ್ನು ತಳಕ್ಕಿಳಿಸುತ್ತವೆ. ಗಿಡ್ಡಹುಲ್ಲಿಗೆ ಆ ಸಾಮರ್ಥ್ಯವಿಲ್ಲ. ಆಗ ಸಗಣಿಯ ಸಾರವನ್ನೂ ಅಲೆ ಹೊತ್ತೊಯ್ಯುತ್ತದೆ. ಹೀಗೆ ಹಿಂದಿರುಗಿಸುವ ಪ್ರಾಣಿ ಇದ್ದರೂ ಹಿಡಿದಿಟ್ಟುಕೊಳ್ಳುವ ನೆಲ ಇಲ್ಲದಾಗುತ್ತದೆ.

ನಮ್ಮೂರಿನಲ್ಲಿ ಕುರಿ ತರುಬಿಸುವಾಗ ಹಿರಿಯರು ರಾತ್ರಿಗಳನ್ನು ಎಣಿಸುತ್ತಿದ್ದರು. ಹೆಚ್ಚು ರಾತ್ರಿ ನಿಲ್ಲಿಸಿದರೆ ನೆಲ ಸುಡುತ್ತದೆ ಎನ್ನುತ್ತಿದ್ದರು. ಕಡಲಿನಲ್ಲಿ ಈ ಎಣಿಕೆಯನ್ನು ಹಿಂದೆ ಮಾಡುತ್ತಿದ್ದುದು ಪ್ರಾಯಶಃ ದೊಡ್ಡ ಶಾರ್ಕುಗಳು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಎಂಬಲ್ಲಿ ಮೈಕೆಲ್ ಹೈಟ್‌ಹೌಸ್ ನಡೆಸಿದ ದೀರ್ಘ ಅಧ್ಯಯನದಿಂದ ತಿಳಿದುಬಂದಂತೆ, ಹುಲಿಶಾರ್ಕಿನ ಭಯವಿರುವಲ್ಲಿ ಆಮೆ, ಕಡಲಹಸುಗಳು ಒಂದೆಡೆ ನಿಂತು ಬರಿದಾಗುವ ತನಕ ಮೇಯುವುದಿಲ್ಲ. ಶಾರ್ಕು ತಿಂದ ಆಮೆಗಳ ಸಂಖ್ಯೆಗಿಂತ ಅದು ಓಡಿಸಿದ ಆಮೆಗಳ ಸಂಖ್ಯೆ ಹುಲ್ಲಿನ ಪಾಲಿಗೆ ಮುಖ್ಯ. ಹಿಂದೂ ಮಹಾಸಾಗರದಲ್ಲಿ ಶಾರ್ಕುಗಳನ್ನು ಮನುಷ್ಯ ದಶಕಗಳಿಂದ ಹಿಡಿಯುತ್ತಲೇ ಬಂದಿದ್ದಾನೆ. ಆಮೆಯ ಬೇಟೆಯನ್ನು ನಿಲ್ಲಿಸಿದೆವು, ಆಮೆಯ ಬೇಟೆಗಾರನನ್ನು ಉಳಿಸಿಕೊಳ್ಳಲಿಲ್ಲ.

ಈ ಪ್ರಕರಣದಲ್ಲಿ ಮೀನುಗಾರರ ಮಾತನ್ನು ಕೇಳಿಸಿಕೊಂಡ ಬಗೆ ವಿಶೇಷವಾಗಿ ಉಲ್ಲೇಖನೀಯ. ಆಮೆಗಳು ಬಲೆ ಹರಿಯುತ್ತವೆ, ಲಗೂನಿನ ಮೀನು ಕಡಿಮೆಯಾಗಲು ಅವೇ ಕಾರಣ ಎಂದು ಅಗತ್ತಿಯ ಮೀನುಗಾರರು ದೂರುತ್ತಿದ್ದರು. ಸಂರಕ್ಷಣೆಯ ಪಕ್ಷಪಾತಿಗಳು ಇಂಥ ದೂರುಗಳನ್ನು ಸಾಮಾನ್ಯವಾಗಿ ಅಜ್ಞಾನವೆಂದೋ ಸ್ವಾರ್ಥವೆಂದೋ ತಳ್ಳಿಹಾಕುತ್ತಾರೆ. ಆಮೆ ಹುಲ್ಲು ತಿನ್ನುತ್ತದೆ, ಮೀನು ತಿನ್ನುವುದಿಲ್ಲ, ಆದ್ದರಿಂದ ದೂರು ಸುಳ್ಳು ಎಂಬ ತರ್ಕ ಸುಲಭ. ಆರ್ಥರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ತರ್ಕವನ್ನು ಒಪ್ಪಲಿಲ್ಲ. ಆಮೆ ಹುಲ್ಲನ್ನು ಬೋಳಿಸುತ್ತದೆ, ಹುಲ್ಲು ಹೋದರೆ ಮರಿಮೀನುಗಳ ಆಶ್ರಯ ಹೋಗುತ್ತದೆ, ಆಶ್ರಯ ಹೋದರೆ ಬಲೆಗೆ ಬೀಳುವ ಮೀನು ಇಳಿಯುತ್ತದೆ. ಮೀನುಗಾರನ ಮಾತಿಗೆ ಆಧಾರವಿತ್ತು, ದಾರಿ ಮಾತ್ರ ವಕ್ರವಾಗಿತ್ತು. ದ್ವೀಪದವರು ಹೊರಗಡಲಿನ ಟ್ಯೂನಾ ಮೀನನ್ನು ನೆಚ್ಚಿದವರೆಂಬುದು ನಿಜ. ಆದರೆ ಬಿರುಗಾಳಿಯ ತಿಂಗಳುಗಳಲ್ಲಿ ದೋಣಿ ಹೊರಗೆ ಹೋಗದಿರುವಾಗ ಮನೆಯ ಒಲೆಗೆ ಮೀನು ಬರುವುದು ಲಗೂನಿನಿಂದಲೇ. ಇದು ಹೊರಗಿನವರ ಅಂಕಿಅಂಶಗಳಲ್ಲಿ ಕಾಣಿಸಿಕೊಳ್ಳದ ಮೀನು.

2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಹಸಿರು ಆಮೆಯನ್ನು ಅಪಾಯದಲ್ಲಿರುವ ಜೀವಿಗಳ ವರ್ಗದಿಂದ ತೆಗೆದು ಕನಿಷ್ಠ ಆತಂಕದ ವರ್ಗಕ್ಕೆ ಸೇರಿಸಿತು. ಜಗತ್ತಿನಲ್ಲಿ ಒಟ್ಟಾರೆ ಅವುಗಳ ಸಂಖ್ಯೆ ಏರುತ್ತಿದೆ. ಅರ್ಧಶತಮಾನದ ಶ್ರಮಕ್ಕೆ ದೊರೆತ ಫಲವಿದು, ಸಂತೋಷಪಡತಕ್ಕದ್ದೇ. ಇದನ್ನು ಹಿಡಿದುಕೊಂಡು ಬೇಟೆಗೆ ಮತ್ತೆ ಅನುಮತಿ ಕೊಡಬೇಕೆನ್ನುವವರ ಜೊತೆ ನಾನಿಲ್ಲ. ಆಮೆಗಳು ಹಿಂದೆ ಇಂದಿಗಿಂತ ಎಷ್ಟೋ ಹೆಚ್ಚಿದ್ದ ಕಾಲದಲ್ಲಿಯೂ ಹುಲ್ಲು ಇತ್ತು; ಆಗ ಹುಲ್ಲೂ ಹೆಚ್ಚಿತ್ತು, ಶಾರ್ಕೂ ಹೆಚ್ಚಿತ್ತು, ಲಗೂನುಗಳನ್ನು ಬಂದರು ಕಾಮಗಾರಿಗಾಗಿ ಕೊರೆದಿರಲಿಲ್ಲ. ಪ್ರಾಣಿಯ ತಲೆಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಹುಲ್ಲಿನ ಕುಡಿಗಳನ್ನೂ ಎಣಿಸಬೇಕಾಗಿದೆ ಎಂದಷ್ಟೇ ಹೇಳಬಹುದು. ಕಡಲಹುಲ್ಲಿನ ಎಣಿಕೆ ಶ್ರಮದ ಕೆಲಸ. ನೀರಿಗಿಳಿದು, ಒಂದು ಚೌಕಟ್ಟನ್ನು ತಳದ ಮೇಲಿಟ್ಟು, ಅದರೊಳಗಿನ ಕುಡಿಗಳನ್ನು ಒಂದೊಂದಾಗಿ ಎಣಿಸಿ, ಎಲೆಗಳ ಉದ್ದವನ್ನು ಅಳೆದು, ಎಷ್ಟು ಎಲೆಗಳ ತುದಿಯಲ್ಲಿ ಆಮೆಯ ಕಚ್ಚಿನ ಗುರುತಿದೆ, ಎಷ್ಟರಲ್ಲಿ ಮೀನಿನದಿದೆ ಎಂಬುದನ್ನು ಬೇರ್ಪಡಿಸಿ ಬರೆದುಕೊಳ್ಳಬೇಕು. ಆಮೆಯ ಕಚ್ಚು ನೇರ, ಮೀನಿನದು ಅರ್ಧಚಂದ್ರದಂತೆ ಬಾಗಿದ್ದು. ಅಗತ್ತಿ, ಕಡಮತ್, ಕವರತ್ತಿಗಳ ಲಗೂನುಗಳಲ್ಲಿ ಈ ಕೆಲಸ ಇಷ್ಟು ವರ್ಷ ನಡೆದದ್ದರಿಂದಲೇ ಮೀನುಗಾರನ ದೂರು ದಾಖಲೆಯ ರೂಪ ಪಡೆಯಿತು.